ವ್ಯಕ್ತಿ ಅಧ್ಯಯನದ ಕಡತವೇ ಅರ್ಜಿಯ ಮೊದಲ ಪುಟ

ಶಾಲಾ ಇಂಟರ್ನ್‌ಶಿಪ್ ಮುಗಿಸಿ ಕಾಲೇಜಿಗೆ ಮರಳುವ ಪ್ರಶಿಕ್ಷಣಾರ್ಥಿಗಳಲ್ಲಿ ಕೆಲವರು ಪ್ರತಿ ವರ್ಷವೂ ಒಂದೇ ಪ್ರಶ್ನೆ ತರುತ್ತಾರೆ: “ಬಿ.ಎಡ್. ಆದ ಮೇಲೆ ಮನೋವಿಜ್ಞಾನದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮಾಡಬಹುದೇ ಸರ್?” ಮೊದಲ ವರ್ಷ ‘ಬಾಲ್ಯ ಮತ್ತು ಬೆಳವಣಿಗೆ’ ಪತ್ರಿಕೆಯಲ್ಲಿ ಪಿಯಾಜೆ, ವೈಗಾಟ್‌ಸ್ಕಿ, ಎರಿಕ್‌ಸನ್ ಅವರನ್ನು ಓದಿ, ಎರಡನೆಯ ವರ್ಷ ನಿಜವಾದ ಮಕ್ಕಳ ನಡುವೆ ವಾರಗಟ್ಟಲೆ ಕಳೆದವರಿಗೆ ಈ ಆಸೆ ಹುಟ್ಟುವುದು ಸಹಜ. ಅದು ಸಂತೋಷದ ವಿಷಯವೂ ಹೌದು. ಆದರೆ ಅರ್ಜಿಯ ಜೊತೆ ಲಗತ್ತಿಸಲು ಅವರು ಬರೆದು ತರುವ ಉದ್ದೇಶ ಪತ್ರಗಳು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ. ಮನುಷ್ಯರ ಮನಸ್ಸನ್ನು ಅರಿಯುವ ಕುತೂಹಲ ಚಿಕ್ಕಂದಿನಿಂದಲೂ ಇದೆ, ನೊಂದವರಿಗೆ ನೆರವಾಗುವುದು ಜೀವನದ ಗುರಿ, ಇಂದಿನ ಒತ್ತಡದ ಬದುಕಿನಲ್ಲಿ ಈ ವಿಷಯಕ್ಕೆ ಬಹಳ ಮಹತ್ವವಿದೆ. ಇಷ್ಟರಲ್ಲಿ ಪುಟ ಮುಗಿಯುತ್ತದೆ. ಬರೆದವರು ಶಾಲೆಯಲ್ಲಿ ಒಂದು ದಿನವಾದರೂ ಇದ್ದರು ಎಂಬುದಕ್ಕೆ ಅದರಲ್ಲಿ ಗುರುತೇ ಇರುವುದಿಲ್ಲ.

ನನ್ನ ವಾದ ಇದು. ಮನೋವಿಜ್ಞಾನದ ಸ್ನಾತಕೋತ್ತರ ಪ್ರವೇಶಕ್ಕೆ ಪ್ರಶಿಕ್ಷಣಾರ್ಥಿಯ ಕೈಯಲ್ಲಿರುವ ಅತ್ಯುತ್ತಮ ಸಿದ್ಧತೆ ಅವರ ವ್ಯಕ್ತಿ ಅಧ್ಯಯನದ ಕಡತ. ಅದನ್ನು ನಾವು ಒಂದು ಔಪಚಾರಿಕ ದಾಖಲೆಯಾಗಿ ಇಳಿಸಿಬಿಟ್ಟಿದ್ದೇವೆ. ಅದರ ನಷ್ಟ ಅರ್ಜಿ ಹಾಕುವವರಿಗೂ ಇದೆ, ಆ ಕಡತದಲ್ಲಿರುವ ಮಗುವಿಗೂ ಇದೆ.

ಎಂಥ ವ್ಯಕ್ತಿ ಅಧ್ಯಯನಗಳನ್ನು ನಾವು ಸಹಿ ಹಾಕಿ ಮುಂದೆ ಕಳಿಸುತ್ತೇವೆ, ನೆನಪಿಸಿಕೊಳ್ಳೋಣ. ಮಗು ಓದಿನಲ್ಲಿ ಹಿಂದುಳಿದಿದೆ. ಕಾರಣಗಳು: ಕುಟುಂಬದ ಬಡತನ, ಪೋಷಕರ ನಿರ್ಲಕ್ಷ್ಯ, ಏಕಾಗ್ರತೆಯ ಕೊರತೆ. ಪರಿಹಾರಗಳು: ಪ್ರೋತ್ಸಾಹ ನೀಡುವುದು, ಪ್ರೀತಿಯಿಂದ ಕಾಣುವುದು, ಪೋಷಕರೊಂದಿಗೆ ಚರ್ಚಿಸುವುದು. ಹಿಂದಿನ ತಂಡದವರ ಕಡತದಿಂದ ಇಳಿದು ಬಂದ ಈ ವಾಕ್ಯಗಳಲ್ಲಿ ಮಗುವಿನ ಹೆಸರು, ತರಗತಿ ಮಾತ್ರ ಬದಲಾಗುತ್ತವೆ. ಬರೆದವರು ಮಗುವನ್ನು ನೋಡುವ ಮೊದಲೇ ಕಾರಣ ಗೊತ್ತಿತ್ತು, ಕಾರಣ ಗೊತ್ತಾಗುವ ಮೊದಲೇ ಪರಿಹಾರ ಸಿದ್ಧವಿತ್ತು.

ಇದೇ ಕೆಲಸವನ್ನು ಬೇರೆ ರೀತಿ ಮಾಡಿದರೆ ಹೇಗಿರುತ್ತದೆ? ಒಂದು ಉದಾಹರಣೆ ಊಹಿಸಿಕೊಳ್ಳೋಣ. ಎಂಟನೆಯ ತರಗತಿಯ ಹುಡುಗನೊಬ್ಬ ಕಪ್ಪುಹಲಗೆಯಿಂದ ಬರೆದುಕೊಳ್ಳುವಾಗ ಸಾಲು ಬಿಡುತ್ತಾನೆ, ಪಕ್ಕದವನ ಪುಸ್ತಕ ಇಣುಕುತ್ತಾನೆ, ಬೈಸಿಕೊಳ್ಳುತ್ತಾನೆ. ‘ಏಕಾಗ್ರತೆಯ ಕೊರತೆ’ ಎಂದು ಬರೆದು ಮುಗಿಸಬಹುದು. ಆದರೆ ಪ್ರಶಿಕ್ಷಣಾರ್ಥಿ ಎರಡು ವಾರ ದಿನಾಂಕ ಹಾಕಿ ಗಮನಿಸುತ್ತಾಳೆ. ಪಠ್ಯಪುಸ್ತಕದಿಂದ ನಕಲು ಮಾಡುವಾಗ ಅವನು ಸಾಲು ಬಿಡುವುದಿಲ್ಲ. ಬಾಯಿಲೆಕ್ಕದಲ್ಲಿ ಚುರುಕಾಗಿದ್ದಾನೆ. ಮೊದಲ ಬೆಂಚಿಗೆ ಕೂರಿಸಿದ ದಿನ ತಪ್ಪುಗಳು ಕಡಿಮೆ. ಈಗ ‘ಏಕಾಗ್ರತೆ’ ಎಂಬ ವಿವರಣೆ ನಿಲ್ಲುವುದಿಲ್ಲ. ಕಣ್ಣಿನ ತಪಾಸಣೆ ಆಗಬೇಕೆಂದು ಅವಳು ಮುಖ್ಯ ಶಿಕ್ಷಕರಿಗೆ ಹೇಳುತ್ತಾಳೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಈ ಹುಡುಗನ ಹೆಸರು ಪಟ್ಟಿಯಲ್ಲಿ ಮೊದಲಿರುತ್ತದೆ.

ಇಲ್ಲಿ ಆಗಿದ್ದೇನು? ಕಂಡದ್ದನ್ನು ಊಹೆಯಿಂದ ಬೇರ್ಪಡಿಸಿದ್ದು, ಒಂದಕ್ಕಿಂತ ಹೆಚ್ಚು ವಿವರಣೆಗಳನ್ನು ಎದುರಿಗಿಟ್ಟುಕೊಂಡಿದ್ದು, ಸನ್ನಿವೇಶ ಬದಲಿಸಿ ನೋಡಿ ಒಂದನ್ನು ಕೈಬಿಟ್ಟಿದ್ದು, ತನ್ನ ಕೆಲಸ ಎಲ್ಲಿ ನಿಲ್ಲಬೇಕು ಮತ್ತು ವೈದ್ಯರ ಕೆಲಸ ಎಲ್ಲಿ ಶುರುವಾಗಬೇಕು ಎಂದು ತಿಳಿದಿದ್ದು. ಮನೋವಿಜ್ಞಾನದ ಸ್ನಾತಕೋತ್ತರ ತರಗತಿ ಕಲಿಸಹೊರಡುವುದು ಇದನ್ನೇ. ಇಂಥ ಅನುಭವವನ್ನು ಹತ್ತು ಸಾಲಿನಲ್ಲಿ ನೇರವಾಗಿ ಬರೆದ ಅರ್ಜಿಯ ಮುಂದೆ ‘ಚಿಕ್ಕಂದಿನ ಕುತೂಹಲ’ ಸಪ್ಪೆಯಾಗಿ ಕಾಣುತ್ತದೆ. ಸಂದರ್ಶನದಲ್ಲಿ ಮುಂದಿನ ಪ್ರಶ್ನೆ ಬಂದಾಗ ಹೇಳಲು ಅವಳ ಬಳಿ ಇನ್ನೂ ಹತ್ತು ಸಾಲಿರುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಆ ಅನುಭವ ಪ್ರಶಿಕ್ಷಣಾರ್ಥಿಯದು. ಅದರೊಳಗಿನ ಬದುಕು ಮಗುವಿನದು. ಅರ್ಜಿಯಲ್ಲಿ ಮಗುವಿನ ಹೆಸರು, ಶಾಲೆ, ಊರು, ಮನೆಯ ಗುಟ್ಟು ಯಾವುದೂ ಬರಬಾರದು. ಯಾರೆಂದು ಊಹಿಸಲು ಸಾಧ್ಯವಾಗುವ ವಿವರವಿದ್ದರೆ ಅದನ್ನು ಬಿಡಬೇಕು. ಗೌಪ್ಯತೆಯನ್ನು ಅರ್ಜಿಯಲ್ಲೇ ಮುರಿಯುವವರು ಆಪ್ತಸಮಾಲೋಚನೆಯ ಕೋಣೆಯಲ್ಲಿ ಅದನ್ನು ಕಾಯುತ್ತಾರೆಂದು ಯಾರೂ ನಂಬುವುದಿಲ್ಲ.

ಇನ್ನು ದಾರಿಗಳ ವಿಚಾರ. ‘ಮನೋವಿಜ್ಞಾನ ಮಾಡುತ್ತೇನೆ’ ಎನ್ನುವವರಿಗೆ ಆ ಒಂದು ಪದದ ಹಿಂದೆ ಹಲವು ವೃತ್ತಿಗಳಿವೆ ಎಂಬುದನ್ನು ನಾವು ಮೊದಲೇ ತಿಳಿಸಬೇಕು. ಮನೋವೈದ್ಯರಾಗಲು ವೈದ್ಯಕೀಯ ಪದವಿ ಬೇಕು; ಅದು ಬೇರೆಯೇ ದಾರಿ. ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂಬುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿರೂಪಿಸಿದೆ. ಸಾಮಾನ್ಯ ಎಂ.ಎ. ಅಥವಾ ಎಂ.ಎಸ್ಸಿ. ಮಾತ್ರ ಅದಕ್ಕೆ ಸಾಲದು, ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ವೃತ್ತಿ ತರಬೇತಿಯೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳ ಎರಡು ವರ್ಷದ ಎಂ.ಫಿಲ್. ಇದುವರೆಗೆ ಅದರ ಪ್ರಮುಖ ಬಾಗಿಲಾಗಿತ್ತು. ಹೊಸ ಶಿಕ್ಷಣ ನೀತಿಯ ನಂತರ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿದ ಯುಜಿಸಿ, ಕ್ಲಿನಿಕಲ್ ಸೈಕಾಲಜಿಗೆ ವಿನಾಯಿತಿ ನೀಡಿ ಅದನ್ನು 2025-26ನೇ ಸಾಲಿನವರೆಗೆ ವಿಸ್ತರಿಸಿತ್ತು. ಆದ್ದರಿಂದ ಸೀನಿಯರ್ ಹೇಳಿದ ಮಾತನ್ನು ನಂಬಿ ಹೊರಡದೆ, ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ಓದಬೇಕು.

ಅರ್ಹತೆಯ ತೊಡಕೂ ಇದೆ. ಕೆಲವು ವಿಶ್ವವಿದ್ಯಾಲಯಗಳು ಪದವಿಯಲ್ಲಿ ಮನೋವಿಜ್ಞಾನವನ್ನು ಐಚ್ಛಿಕ ವಿಷಯವಾಗಿ ಓದಿದವರನ್ನು ಮಾತ್ರ ತೆಗೆದುಕೊಳ್ಳುತ್ತವೆ. ಕೆಲವು ಯಾವುದೇ ಪದವಿಯವರಿಗೂ ಅವಕಾಶ ಕೊಡುತ್ತವೆ. ಬಿ.ಎಡ್.ನಲ್ಲಿ ಓದಿದ ಪತ್ರಿಕೆಗಳು ಆ ಐಚ್ಛಿಕಕ್ಕೆ ಸಮ ಎಂದು ತಾವೇ ಭಾವಿಸಿಕೊಳ್ಳಬಾರದು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಹೋಗಬಯಸುವವರು 2022ರಲ್ಲಿ ಆರಂಭವಾದ ಸಿಯುಇಟಿ-ಪಿಜಿ ಪರೀಕ್ಷೆಗೆ ತಯಾರಾಗಬೇಕು. ಒಳಗೆ ಹೋದ ಮೇಲೆ ಎದುರಾಗುವುದು ಸಾಂತ್ವನದ ಮಾತುಗಳ ಪಾಠವಲ್ಲ. ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ, ಮನೋಮಾಪನ, ನರವ್ಯೂಹದ ಜೀವವಿಜ್ಞಾನ. ನಮ್ಮ ಮೌಲ್ಯಮಾಪನ ಪತ್ರಿಕೆಯ ಮಾನಕ ವಿಚಲನೆ, ಸಹಸಂಬಂಧಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತವರಿಗೆ ಮೊದಲ ಸೆಮಿಸ್ಟರ್ ಕಷ್ಟವಾಗುತ್ತದೆ.

ಈಚಿನ ಇನ್ನೊಂದು ಬದಲಾವಣೆ ನಮ್ಮವರಿಗೆ ನೇರವಾಗಿ ತಟ್ಟುತ್ತದೆ. ಶಾಲೆಯಲ್ಲಿ ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಮನೋವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದ ಶಿಕ್ಷಕರು ಅನೇಕರಿದ್ದಾರೆ. 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಮನೋವಿಜ್ಞಾನವೂ ಬಂದಿರುವುದರಿಂದ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಅದನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ನೀಡಬಾರದೆಂದು ಯುಜಿಸಿ ಸೂಚಿಸಿತು. ಮೇಲ್ವಿಚಾರಣೆಯ ತರಬೇತಿಯಿಲ್ಲದೆ ಯಾರೂ ಜನರ ಮನಸ್ಸಿನ ಜವಾಬ್ದಾರಿ ಹೊರಬಾರದು ಎಂಬ ಕಾಳಜಿ ಸರಿಯಾದದ್ದೇ. ಆದರೆ ಸಂಬಳ ಬಿಟ್ಟು ಎರಡು ವರ್ಷ ನಗರದಲ್ಲಿ ಓದುವುದು ಮನೆಯಲ್ಲಿ ಮೊದಲ ಬಾರಿಗೆ ಪದವಿ ಕಂಡವರಿಗೆ ಸಣ್ಣ ಮಾತಲ್ಲ. ಮೊದಲಾಗಿದ್ದರೆ ತಪ್ಪು ಆಯ್ಕೆಗೆ ತೆರಬೇಕಾದದ್ದು ಒಂದಿಷ್ಟು ಶುಲ್ಕ, ಒಂದಿಷ್ಟು ಭಾನುವಾರಗಳು. ಈಗ ತೆರಬೇಕಾದದ್ದು ಎರಡು ವರ್ಷದ ಸಂಪಾದನೆ. ತನಗೆ ಈ ಕೆಲಸ ನಿಜವಾಗಿ ಬೇಕೇ ಎಂಬುದನ್ನು ಅರ್ಜಿಗೆ ಮೊದಲೇ ಪರೀಕ್ಷಿಸಿಕೊಳ್ಳುವ ಅಗತ್ಯ ಹಿಂದೆಂದಿಗಿಂತ ಹೆಚ್ಚಾಗಿದೆ.

ಶಾಲೆಯಲ್ಲೇ ಉಳಿದು ಮಕ್ಕಳಿಗೆ ನೆರವಾಗಬೇಕು ಎನ್ನುವವರಿಗೆ ಹತ್ತಿರದ ದಾರಿಯೂ ಉಂಟು. ಎನ್‌ಸಿಇಆರ್‌ಟಿ ನಡೆಸುತ್ತ ಬಂದಿರುವ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಒಂದು ವರ್ಷದ ಡಿಪ್ಲೊಮಾದ ಕೇಂದ್ರಗಳಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಒಂದು. ಆರು ತಿಂಗಳು ಮನೆಯಿಂದಲೇ ಅಧ್ಯಯನ, ಮೂರು ತಿಂಗಳು ಕೇಂದ್ರದಲ್ಲಿ ತರಗತಿ, ಮೂರು ತಿಂಗಳು ತಮ್ಮ ಊರಿನ ಸುತ್ತಮುತ್ತ ಇಂಟರ್ನ್‌ಶಿಪ್ ಎಂಬ ಅದರ ರಚನೆ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಅದು ಎಂ.ಎಸ್ಸಿ.ಗೆ ಬದಲಿಯಲ್ಲ. ಆದರೆ ಎಂ.ಎಸ್ಸಿ. ಕೇಳಿಕೊಂಡು ಬರುವ ಎಲ್ಲರಿಗೂ ಎಂ.ಎಸ್ಸಿ.ಯೇ ಬೇಕಾಗಿರುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಅಳುಕನ್ನೂ ನಾನು ಬಲ್ಲೆ. ಸ್ನಾತಕೋತ್ತರ ತರಗತಿಗಳು ಹೆಚ್ಚಿನ ಕಡೆ ಇಂಗ್ಲಿಷಿನಲ್ಲಿ ನಡೆಯುತ್ತವೆ, ಅದಕ್ಕೆ ತಯಾರಿ ಬೇಕು. ಆದರೆ ಈ ವಿಷಯಕ್ಕೆ ಕನ್ನಡ ಶಾಲೆಯಿಂದ ಬರುವವರು ಹೊರಗಿನವರಲ್ಲ. ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಬುದ್ಧಿ ಪರೀಕ್ಷೆ ಹುಟ್ಟಿದ್ದೇ ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳಿಗೆ ಏನು ಮಾಡಬೇಕು ಎಂಬ ಪ್ರಶ್ನೆಯಿಂದ. 1924ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದಾಗ ದೇಶದಲ್ಲಿ ಅದಕ್ಕೆ ಹಿರಿದಾಗಿ ಇದ್ದದ್ದು ಕಲ್ಕತ್ತೆಯ ವಿಭಾಗ. ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಅಳವಡಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ನಮ್ಮ ಚಿಕಿತ್ಸಾಲಯಗಳಲ್ಲಿ ಬಹುಕಾಲ ಬಳಕೆಯಲ್ಲಿದೆ. ಕನ್ನಡದ ಮಗು ಪ್ರಶ್ನೆಯನ್ನು ಅರ್ಥಮಾಡಿಕೊಳ್ಳದೆ ಸುಮ್ಮನಿದೆಯೋ, ಉತ್ತರ ಗೊತ್ತಿಲ್ಲದೆ ಸುಮ್ಮನಿದೆಯೋ ಎಂದು ಗುರುತಿಸಬಲ್ಲವರು ಈ ಕ್ಷೇತ್ರಕ್ಕೆ ಇಂದಿಗೂ ಬೇಕು. ಆ ಗುರುತಿಸುವಿಕೆ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ತರಗತಿಯಲ್ಲಿ ಸಿಗುತ್ತದೆ.

ಇದಕ್ಕೆಲ್ಲ ಸಹೋದ್ಯೋಗಿಗಳಿಂದ ಎರಡು ಆಕ್ಷೇಪಗಳನ್ನು ಕೇಳಿದ್ದೇನೆ. ಒಂದು, ಬಿ.ಎಡ್. ಇರುವುದು ಶಿಕ್ಷಕರನ್ನು ತಯಾರು ಮಾಡಲು, ಬೇರೆ ವಿಭಾಗಕ್ಕೆ ವಿದ್ಯಾರ್ಥಿಗಳನ್ನು ಒದಗಿಸಲು ಅಲ್ಲ. ಒಪ್ಪುತ್ತೇನೆ. ಆದರೆ ಪ್ರಾಮಾಣಿಕವಾಗಿ ವ್ಯಕ್ತಿ ಅಧ್ಯಯನ ಮಾಡಿದವರು ಮನೋವಿಜ್ಞಾನಕ್ಕೆ ಹೋಗದೆ ಶಾಲೆಯಲ್ಲೇ ಉಳಿದರೂ ಆ ಕೆಲಸ ವ್ಯರ್ಥವಾಗುವುದಿಲ್ಲ. ಎರಡು, ಐವತ್ತು ಜನರ ಒಂದು ಘಟಕದಲ್ಲಿ ಇಷ್ಟು ಸೂಕ್ಷ್ಮವಾಗಿ ನೋಡಲು ಸಮಯವೆಲ್ಲಿ? ಈ ಆಕ್ಷೇಪದಲ್ಲಿ ಹುರುಳಿದೆ. ಉತ್ತರ ದಾಖಲೆಗಳನ್ನು ಹೆಚ್ಚಿಸುವುದಲ್ಲ, ಇಳಿಸುವುದು.

ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ಎರಡನೆಯ ವರ್ಷ 16 ವಾರಗಳ ಶಾಲಾ ಇಂಟರ್ನ್‌ಶಿಪ್ ಇದೆ. ಆ ಅವಧಿಗೆ ಒಬ್ಬ ಪ್ರಶಿಕ್ಷಣಾರ್ಥಿಗೆ ಒಂದೇ ಮಗು ಸಾಕು. ವಾರಕ್ಕೆ ಒಂದು ಪುಟ, ದಿನಾಂಕದೊಂದಿಗೆ. ಎಡಕ್ಕೆ ಕಂಡದ್ದು, ಬಲಕ್ಕೆ ಅನ್ನಿಸಿದ್ದು. ಮುದ್ದಾದ ಅಕ್ಷರಕ್ಕೆ, ಬಣ್ಣದ ರಟ್ಟಿಗೆ ಅಂಕ ಬೇಡ. ಮುಖ್ಯ ಶಿಕ್ಷಕರ ಒಪ್ಪಿಗೆ ಇರಲಿ, ಮಗುವಿಗೆ ಬದಲಿ ಹೆಸರಿರಲಿ. ಕೊನೆಯಲ್ಲಿ ಹತ್ತು ನಿಮಿಷದ ಮೌಖಿಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನು ಎಲ್ಲರಿಗೂ ಕೇಳೋಣ: ನೀವು ಮೊದಲು ಅಂದುಕೊಂಡಿದ್ದ ಯಾವ ಕಾರಣವನ್ನು ಕೈಬಿಟ್ಟಿರಿ, ಏಕೆ?

ಇದರಿಂದ ನಮ್ಮ ಶಿಫಾರಸು ಪತ್ರಗಳೂ ಸುಧಾರಿಸುತ್ತವೆ. ‘ಶಿಸ್ತಿನ, ಸಭ್ಯ, ಪರಿಶ್ರಮಿ ವಿದ್ಯಾರ್ಥಿನಿ’ ಎಂಬ ಮೂರು ಪದ ಓದಿ ಆಯ್ಕೆ ಸಮಿತಿಗೆ ಏನೂ ತಿಳಿಯುವುದಿಲ್ಲ. ಈಕೆ ಹದಿನಾರು ವಾರ ಒಂದು ಮಗುವನ್ನು ಗಮನಿಸಿದಳು, ಆರನೆಯ ವಾರ ತನ್ನ ಅಭಿಪ್ರಾಯ ಬದಲಿಸಿಕೊಂಡಳು, ಅದಕ್ಕೆ ಕೊಟ್ಟ ಕಾರಣ ಇದು ಎಂದು ಬರೆದರೆ ತಿಳಿಯುತ್ತದೆ. ನಾವು ಅದನ್ನು ಬರೆಯಬೇಕಾದರೆ ಮೊದಲು ಆ ಕಡತವನ್ನು ಓದಿರಬೇಕು.

ಪ್ರಶಿಕ್ಷಣಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ಆ ಹದಿನಾರು ಪುಟಗಳನ್ನು ಬರೆಯುವಾಗ ಬೇಸರವೇ ಹೆಚ್ಚಾಗಿದ್ದರೆ, ಮಗುವಿಗಿಂತ ಪಾಠ ನಿಮ್ಮನ್ನು ಹೆಚ್ಚು ಸೆಳೆದಿದ್ದರೆ, ಅದನ್ನು ಸೋಲೆಂದು ತಿಳಿಯಬೇಡಿ. ನಿಮ್ಮ ವಿಷಯದಲ್ಲೇ ಎಂ.ಎ. ಮಾಡಿ, ಒಳ್ಳೆಯ ಶಿಕ್ಷಕರಾಗಿ. ಹದಿನೇಳನೆಯ ಪುಟ ಬರೆಯಲು ಅವಕಾಶ ಸಿಗಲಿಲ್ಲವಲ್ಲ ಎಂದು ನಿಮಗೆ ಅನ್ನಿಸಿದ್ದರೆ, ಅರ್ಜಿ ಹಾಕಿ.