ಹಳೆಯ ಕಾರಿಗೆ ಬಂಗಾರದ ಬೆಲೆ ಬಂದೀತೇ?

ಮೆಹದಿಪಟ್ಟಣಂ ರೈತು ಬಜಾರಿನ ಆಚೆ, ಗುಡಿಮಲ್ಕಾಪುರದತ್ತ ಹೋಗುವ ಒಳಬೀದಿಯೊಂದರಲ್ಲಿ ಬೀದರ್ ಮೂಲದ ಕನ್ನಡ ಕುಟುಂಬವೊಂದರ ಹಳೆಯ ಮನೆ. ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತಿರುವುದು ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ತೀರಿಹೋದ ಯಜಮಾನರು ನೌಕರಿಯಲ್ಲಿದ್ದಾಗ ಊರಲ್ಲೇ ಕೊಂಡು ಇಲ್ಲಿಗೆ ತಂದದ್ದು. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಮಾತು ಬಂದಾಗ ಅಣ್ಣತಮ್ಮಂದಿರ ನಡುವೆ ಎದ್ದ ಮೊದಲ ತಕರಾರು ಈ ಕಾರಿನದೇ.

"ಇನ್ನೈದು ವರ್ಷ ಇಡಾಣ, ಬಂಗಾರದ ಬೆಲಿ ಬರ್ತದ" ಎಂಬುದು ಅಣ್ಣನ ವಾದ. "ಬಂಗಾರಕ್ಕ ಜಂಗು ಹಿಡಿತದೇನಣ್ಣಾ?" ಎಂಬುದು ತಮ್ಮನ ಪ್ರಶ್ನೆ. ನಗರದ ಅನೇಕ ಕನ್ನಡ ಮನೆಗಳಲ್ಲಿ ಇಂಥದೇ ಪ್ರಶ್ನೆ ಇರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಅಣ್ಣನ ವಾದಕ್ಕೆ ಆಧಾರವಿಲ್ಲ ಎನ್ನುವಂತಿಲ್ಲ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ತಯಾರಿಸಿದ ಹೆರಾಲ್ಡ್ ಮೂಲತಃ ಬ್ರಿಟನ್ನಿನ ಟ್ರಯಂಫ್ ಕಾರು. ಅದೇ ಹೆರಾಲ್ಡಿನ ಚಾಸಿಯ ಆಧಾರದ ಮೇಲೆ ಅಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹೊರಬಂತು. ಹಾಗಾಗಿ ಈ ಕಾರು ಓಟದ ಕುದುರೆಯಲ್ಲದಿದ್ದರೂ ಓಟದ ಕುದುರೆಯ ದಾಯಾದಿ ಎನ್ನಲು ಅಡ್ಡಿಯಿಲ್ಲ.

ಹರಾಜಿನ ಸುದ್ದಿಗಳು

ಪತ್ರಿಕೆಗಳಲ್ಲಿ ಬರುವ ಹರಾಜಿನ ಅಂಕಿಗಳು ಯಾರ ತಲೆಯನ್ನಾದರೂ ತಿರುಗಿಸುವಂಥವು. 2018ರಲ್ಲಿ ಫೆರಾರಿ 250 ಜಿಟಿಒ ಕಾರೊಂದು 4.84 ಕೋಟಿ ಡಾಲರಿಗೆ ಮಾರಾಟವಾಯಿತು. 2022ರಲ್ಲಿ 1955ರ ಮರ್ಸಿಡಿಸ್ 300 ಎಸ್ಎಲ್ಆರ್ ಕೂಪೆ 13.5 ಕೋಟಿ ಯೂರೋಗೆ ಹೋಯಿತು. ಆದರೆ ಮೊದಲನೆಯ ಮಾದರಿಯಲ್ಲಿ ತಯಾರಾದದ್ದು ಮೂರು ಡಜನ್ ಮಾತ್ರ, ಎರಡನೆಯದರಲ್ಲಿ ಬರೀ ಎರಡು. ಅವು ರೇಸಿನ ಇತಿಹಾಸದ ಭಾಗವಾದ ಕಾರುಗಳು. ಅವನ್ನು ನೋಡಿ ಎಲ್ಲ ಹಳೆಯ ಕಾರಿಗೂ ಬೆಲೆ ಏರುತ್ತದೆಂದು ತಿಳಿಯುವುದು ಕೊಹಿನೂರನ್ನು ನೋಡಿ ಮೂಗುತಿಯ ಹರಳಿಗೆ ಬೆಲೆ ಕಟ್ಟಿದಂತೆ.

ಏರಿದ್ದು ಇಳಿಯುವುದೂ ಉಂಟು. 1988ರಲ್ಲಿ ಎಂಜೋ ಫೆರಾರಿ ತೀರಿಕೊಂಡ ಮೇಲೆ ಸಟ್ಟಾ ವ್ಯಾಪಾರದಿಂದ ಗಗನಕ್ಕೇರಿದ್ದ ಫೆರಾರಿ ಬೆಲೆಗಳು 1990ರ ನಂತರ ನೆಲಕಚ್ಚಿದವು. ಸಾಲ ಮಾಡಿ ಕೊಂಡವರು ಕೈಸುಟ್ಟುಕೊಂಡರು.

ಬಾಲ್ಯದ ಆಸೆಯೇ ಬೆಲೆ

ಹಳೆಯ ವಾಹನಕ್ಕೆ ಹಣ ಕೊಡುವವರು ಯಾರು? ಹೆಚ್ಚಾಗಿ ಹುಡುಗನಾಗಿದ್ದಾಗ ಅದನ್ನು ಬೆರಗಿನಿಂದ ನೋಡಿ, ಐವತ್ತರ ಹೊತ್ತಿಗೆ ಕೈಯಲ್ಲಿ ನಾಲ್ಕು ಕಾಸು ಕಂಡವರು. ಇದಕ್ಕೆ ಕನ್ನಡ ನಾಡಿನದೇ ಉದಾಹರಣೆಯಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಆಗ ಜಾವಾ, ಯೆಜ್ಡಿ ಬೈಕುಗಳನ್ನು ಗುಜರಿಗೆ ಹಾಕಿದವರು ಬಹಳ. ಇಂದು ಅವನ್ನೇ ಹುಡುಕಿ, ರಿಪೇರಿ ಮಾಡಿಸಿ, ಜುಲೈ ತಿಂಗಳ ಜಾವಾ-ಯೆಜ್ಡಿ ದಿನಕ್ಕೆ ಬೆಂಗಳೂರಿನ ರಸ್ತೆಗಿಳಿಸುವವರಿದ್ದಾರೆ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಬೈಕುಗಳ ಮೇಲೆ ಮರಳಿ ಬಂದದ್ದಕ್ಕೂ ಆ ನೆನಪೇ ಬಂಡವಾಳ.

ಆದರೆ ಇದೇ ಮಾತಿಗೆ ಇನ್ನೊಂದು ಮಗ್ಗುಲಿದೆ. ನೆನಪಿರುವ ತಲೆಮಾರು ಕಳೆದರೆ ಕೊಳ್ಳುವವರೂ ಕಡಿಮೆಯಾಗುತ್ತಾರೆ. ಹೆರಾಲ್ಡ್ ನೆನಪಿರುವವರಿಗೆ ಈಗ ಎಪ್ಪತ್ತರ ಆಸುಪಾಸು. ಮುಂದಿನ ಇಪ್ಪತ್ತು ವರ್ಷದ ಗಿರಾಕಿ 1984ರಿಂದ 2002ರವರೆಗೆ ತಯಾರಾದ ಕಾಂಟೆಸಾವನ್ನೋ, ಬೆಂಗಳೂರಿನ ಸ್ಯಾನ್ ಮೋಟರ್ಸ್ ರೆನೋ ಎಂಜಿನ್ ಕೂರಿಸಿ ಹೊರತಂದ ಎರಡು ಸೀಟಿನ ಸ್ಟಾರ್ಮ್ ಸ್ಪೋರ್ಟ್ಸ್ ಕಾರನ್ನೋ ಕೇಳಿಯಾನು. ಸ್ಟಾರ್ಮಿನ ಫೈಬರ್ ಮೈಗೆ ತುಕ್ಕಿನ ಭಯವಿಲ್ಲ, ಸಂಖ್ಯೆಯೂ ಕಡಿಮೆ. ಆದರೆ ತಯಾರಿಕೆ ನಿಂತ ಕಾರಿನ ಬಿಡಿಭಾಗ ಹುಡುಕುವುದೇ ಒಂದು ಉದ್ಯೋಗ.

ಇದರ ಜೊತೆಗೆ ಆಮದಿನ ನಿಯಮವೂ ಬದಲಾಗಿದೆ. 1950ಕ್ಕೆ ಮುಂಚಿನ ಕಾರುಗಳಿಗಷ್ಟೇ ಇದ್ದ ಅವಕಾಶ 2025ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೂ ಸಿಕ್ಕಿತು. ಸುಂಕ ಕಟ್ಟುವ ಶಕ್ತಿಯಿರುವವನು ಅಸಲಿ ಸ್ಪಿಟ್‌ಫೈರನ್ನೇ ವಿದೇಶದಿಂದ ತರಿಸಬಹುದಾದಾಗ ದಾಯಾದಿಗೆ ಎಷ್ಟು ಕೊಟ್ಟಾನು?

ಲೆಕ್ಕದ ಮಾತು

ಬ್ಯಾಂಕಿನಲ್ಲಿ ಶೇ. 7ರ ಬಡ್ಡಿಗೆ ಇಟ್ಟ ಹಣ ಸುಮಾರು ಹತ್ತು ವರ್ಷದಲ್ಲಿ ಇಮ್ಮಡಿಯಾಗುತ್ತದೆ. ಕಾರು ಇದಕ್ಕೆ ಸರಿಗಟ್ಟಬೇಕಾದರೆ ಹತ್ತು ವರ್ಷದಲ್ಲಿ ಅದರ ಬೆಲೆಯೂ ಇಮ್ಮಡಿಯಾಗಬೇಕು. ಮೇಲೆ ಶೆಡ್ಡು, ಬ್ಯಾಟರಿ, ಟೈರು, ವಿಮೆ, ಮೆಕ್ಯಾನಿಕ್ಕಿನ ಖರ್ಚೂ ಹುಟ್ಟಬೇಕು. ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವೇ 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿತು. ನಿವೃತ್ತಿಯ ಗ್ರಾಚ್ಯುಟಿ ಹಣದಲ್ಲಿ ಹಳೆಯ ಕಾರು ಕೊಂಡು ಲಾಭದ ಕನಸು ಕಾಣುವವರು ಈ ಲೆಕ್ಕವನ್ನು ಎರಡು ಸಲ ಹಾಕುವುದು ಕ್ಷೇಮ. ಪ್ರೀತಿಗಾಗಿ ಕೊಳ್ಳುವವರ ಮಾತು ಬೇರೆ. ಅವರು ಲಾಭವನ್ನು ದಿನದಿನವೂ ಕಣ್ಣಿನಿಂದಲೇ ಪಡೆಯುತ್ತಾರೆ.

ಹಾಗಾದರೆ ಮನೆಯಲ್ಲಿರುವುದನ್ನು ಕಬಾಡಿಗೆ ಹಾಕಬೇಕೆ? ಖಂಡಿತ ಅವಸರ ಬೇಡ. ಐವತ್ತು ವರ್ಷ ದಾಟಿ, ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ 2021ರ ಕೇಂದ್ರ ನಿಯಮದಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿಯಿದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನವೀಕರಣಕ್ಕೆ 5,000. ಆದರೆ ಅಂಥ ಕಾರು ರ್‍ಯಾಲಿ, ಪ್ರದರ್ಶನ, ರಿಪೇರಿಯಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಯಬಹುದು. ದಿನದ ಓಡಾಟಕ್ಕಿಲ್ಲ.

ಹೊರನಾಡಿನ ಕನ್ನಡಿಗರಿಗೆ ತೊಡಕಾಗುವುದು ಇಲ್ಲಿಯೇ. ಬೀದರಿನಲ್ಲೋ ರಾಯಚೂರಿನಲ್ಲೋ ನೋಂದಣಿಯಾದ ಕಾರು ಹೈದರಾಬಾದಿಗೆ ಬಂದು ದಶಕಗಳಾದರೂ ದಾಖಲೆ ಬದಲಾಗಿರುವುದಿಲ್ಲ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟ ವಾಹನಕ್ಕೆ ಅಲ್ಲಿ ಹೊಸ ನೋಂದಣಿ ಆಗಬೇಕು, ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಆರ್‌ಸಿ ಪುಸ್ತಕ, ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಮೂರೂ ತಾಳೆಯಾಗದ ಕಾರಿನತ್ತ ನಿಜವಾದ ಸಂಗ್ರಾಹಕ ತಿರುಗಿಯೂ ನೋಡುವುದಿಲ್ಲ. ಮೇಲೆ ಹೊಳೆಯುವ ಬಣ್ಣ ಬಳಿಸುವುದಕ್ಕಿಂತ ಕಾಗದ ಸರಿಮಾಡಿಸುವುದೇ ಬೆಲೆ ಹೆಚ್ಚಿಸುವ ಕೆಲಸ.

ಇದರಲ್ಲಿ ಕನ್ನಡ ಸಂಘಗಳೂ ಕೈಜೋಡಿಸಬಹುದು. ಸದಸ್ಯರಲ್ಲಿ ಸಾರಿಗೆ ಇಲಾಖೆಯಿಂದ ನಿವೃತ್ತರಾದವರಿದ್ದರೆ ತಿಂಗಳಿಗೊಮ್ಮೆ ಒಂದು ಗಂಟೆ ಕುಳಿತು ಕಾಗದಪತ್ರದ ದಾರಿ ಹೇಳಿದರೂ ಸಾಕು. ರಾಜ್ಯೋತ್ಸವದ ದಿನ ವೇದಿಕೆಯ ಪಕ್ಕದಲ್ಲಿ ಸದಸ್ಯರ ನಾಲ್ಕು ಹಳೆಯ ವಾಹನಗಳನ್ನು ನಿಲ್ಲಿಸಿದರೆ ಮಕ್ಕಳಿಗೂ ಅದೊಂದು ಪಾಠ. ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ 1912ರ ಹಳದಿ ರೋಲ್ಸ್ ರಾಯ್ಸ್ ಕಾರನ್ನು, ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹವನ್ನು ಜನ ಮುಗಿಬಿದ್ದು ನೋಡುತ್ತಾರೆ. ಗುಮಾಸ್ತರ, ಮಾಸ್ತರರ ಮನೆಯ ಕಾರಿಗೂ ಹೇಳುವಂಥ ಕಥೆಯಿದೆ.

ಗುಡಿಮಲ್ಕಾಪುರದ ಮನೆಯಲ್ಲಿ ತಕರಾರು ಸದ್ಯ ತಣ್ಣಗಾಗಿದೆ. ಕಲಬುರಗಿಯಿಂದ ಬಂದ ತಂಗಿ ಅಪ್ಪನ ಟ್ರಂಕಿನಲ್ಲಿ ಆರ್‌ಸಿ ಪುಸ್ತಕ ಹುಡುಕಿ ತೆಗೆದಿದ್ದಾಳೆ. ಒಳಗೆ ಬೀದರಿನ ಮುದ್ರೆ, ಅಪ್ಪನ ಸಹಿ. ಕಾರು ಎಷ್ಟಕ್ಕೆ ಹೋದೀತು ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲ. ಮೂವರೂ ಕೂಡಿ ನಮೂನೆ ತುಂಬಿಸುವುದೆಂದು ಮಾತ್ರ ತೀರ್ಮಾನವಾಗಿದೆ.