ಕಾಲೇಜು ಬಿಡಿಸುವುದು ಪರಿಹಾರವಲ್ಲ

ಪ್ರಶ್ನೆ: ನನ್ನ ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಕಲಿಯುತ್ತಿದ್ದಾಳೆ. ನಮ್ಮ ಕುಟುಂಬದಲ್ಲಿ ಡಿಗ್ರಿ ತನಕ ಬಂದ ಮೊದಲ ಹುಡುಗಿ ಅವಳು. ಈ ವರ್ಷ ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರಿಂದ ತುಂಬಾ ನೊಂದಿದ್ದಾಳೆ. ಲ್ಯಾಬ್‌ನಲ್ಲಿ ಸಣ್ಣ ತಪ್ಪಾದರೂ ಎಲ್ಲರೆದುರು ಗದರಿಸುತ್ತಾರಂತೆ. ರೆಕಾರ್ಡ್ ಪುಸ್ತಕವನ್ನು ಎರಡು ಬಾರಿ ಸಹಿ ಹಾಕದೆ ಹಿಂದಿರುಗಿಸಿದ್ದಾರೆ. ಲ್ಯಾಬ್ ಇರುವ ದಿನ ಬೆಳಿಗ್ಗೆ ಹೊಟ್ಟೆನೋವೆಂದು ಮಲಗಿಬಿಡುತ್ತಾಳೆ. ಇದೆಲ್ಲ ನನಗೆ ತಿಳಿದದ್ದು ಅವಳ ಗೆಳತಿಯಿಂದ. ಗಲ್ಫ್‌ನಲ್ಲಿರುವ ನನ್ನ ಪತಿ, ‘ಓದಿದ್ದು ಸಾಕು, ಬಿಡಿಸಿಬಿಡು’ ಎನ್ನುತ್ತಾರೆ. ನಾನು ಹೋಗಿ ಪ್ರಾಂಶುಪಾಲರೊಂದಿಗೆ ಜಗಳ ಮಾಡಲೇ?
- ಓರ್ವ ತಾಯಿ, ದಕ್ಷಿಣ ಕನ್ನಡ

ಉತ್ತರ: ಸಹೋದರೀ, ಮಗಳ ಸಂಕಟ ನಿಮಗೆ ಅವಳ ಗೆಳತಿಯಿಂದ ತಿಳಿಯಿತು ಎಂದಿದ್ದೀರಿ. ಅವಳೇ ಏಕೆ ಹೇಳಲಿಲ್ಲ ಎಂದು ಯೋಚಿಸಿದ್ದೀರಾ? ಹೇಳಿದರೆ ಮನೆಯವರು ಏನು ಮಾಡುತ್ತಾರೆಂದು ಅವಳಿಗೆ ಮೊದಲೇ ಗೊತ್ತಿರಬಹುದು. ನಮ್ಮ ಎಷ್ಟೋ ಮನೆಗಳಲ್ಲಿ ಹುಡುಗಿಗೆ ಕಾಲೇಜಿನಲ್ಲಿ ತೊಂದರೆಯೆಂದರೆ ಮೊದಲು ನಿಲ್ಲುವುದು ಅವಳ ಓದು. ತೊಂದರೆ ಕೊಟ್ಟವರು ಅಲ್ಲಿಯೇ ಇರುತ್ತಾರೆ, ತೊಂದರೆ ಪಟ್ಟವಳು ಮನೆಗೆ ಬರುತ್ತಾಳೆ. ಆದ್ದರಿಂದ ಹುಡುಗಿಯರು ಬಾಯಿ ಮುಚ್ಚಿ ಸಹಿಸುತ್ತಾರೆ.

ಹೀಗಾಗಿ ನೀವು ಮಾಡಬೇಕಾದ ಮೊದಲ ಕೆಲಸ ಅವಳಿಗೆ ಮಾತು ಕೊಡುವುದು. ‘ನೀನು ಏನು ಹೇಳಿದರೂ ನಿನ್ನ ಓದು ನಿಲ್ಲುವುದಿಲ್ಲ’ ಎಂದು ಸ್ಪಷ್ಟವಾಗಿ ಹೇಳಿ. ಪತಿಯವರಿಂದಲೂ ಫೋನಿನಲ್ಲಿ ಅದೇ ಮಾತನ್ನು ಹೇಳಿಸಿ. ತಂದೆಯ ಬಾಯಿಂದ ಬಂದ ಆ ಒಂದು ಮಾತು ಅವಳಿಗೆ ದೊಡ್ಡ ಧೈರ್ಯ. ಆಮೇಲೆ ಅಡುಗೆ ಮಾಡುತ್ತಲೋ ಬಟ್ಟೆ ಮಡಚುತ್ತಲೋ ಸುಮ್ಮನೆ ಕೇಳಿಸಿಕೊಳ್ಳಿ. ‘ನೀನೇ ಏನೋ ಮಾಡಿರಬೇಕು’ ಎನ್ನಬೇಡಿ. ‘ಅವರನ್ನು ಬಿಡುವುದಿಲ್ಲ’ ಎಂದು ಹಾರಾಡಲೂ ಬೇಡಿ. ಎರಡರಿಂದಲೂ ಅವಳ ಮಾತು ನಿಂತುಹೋಗುತ್ತದೆ.

ಕೇಳಿದ ಬಳಿಕ ತೊಂದರೆ ಯಾವ ಬಗೆಯದೆಂದು ಅವಳೊಂದಿಗೆ ಕೂತು ಬಿಡಿಸಿ ನೋಡಿ. ಕೆಲವರು ಶಿಸ್ತಿನವರು, ಎಲ್ಲರಿಗೂ ಒಂದೇ ಅಳತೆ. ಕೆಲವರ ನಾಲಿಗೆ ಒರಟು. ಇನ್ನು ಕೆಲವರು ನಿಜಕ್ಕೂ ಅನ್ಯಾಯ ಮಾಡುತ್ತಾರೆ. ರೆಕಾರ್ಡ್ ಹಿಂದೆ ಬಂದದ್ದು ಇವಳದ್ದು ಮಾತ್ರವೇ, ಇತರರದ್ದೂ ಬಂದಿದೆಯೇ? ಬರ್ನರ್ ಬಳಿ ಶಿರವಸ್ತ್ರದ ತುದಿಯನ್ನು ಕೋಟಿನೊಳಗೆ ಸಿಕ್ಕಿಸಿಕೊ ಎಂದರೆ ಅದು ಸುರಕ್ಷತೆಯ ಮಾತು. ಅದೇ ಶಿರವಸ್ತ್ರವನ್ನು ಗೇಲಿ ಮಾಡಿದರೆ ಅದು ಅವಮಾನ. ಈ ವ್ಯತ್ಯಾಸವನ್ನು ಅವಳೇ ಗುರುತಿಸಲಿ.

ಶಿಸ್ತಿನವರಾದರೆ ದಾರಿ ಸುಲಭ. ತರಗತಿ ಮುಗಿದ ಮೇಲೆ ಗೆಳತಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಒಂದೇ ಒಂದು ಖಚಿತ ಪ್ರಶ್ನೆ ಕೇಳಲಿ. ‘ಸರ್, ನನಗೇನೂ ಅರ್ಥವಾಗುವುದಿಲ್ಲ’ ಎಂದರೆ ಉತ್ತರಿಸುವುದು ಯಾರಿಗೂ ಕಷ್ಟ. ‘ಸರ್, ಟೈಟ್ರೇಶನ್‌ನಲ್ಲಿ ನನ್ನ ಮೂರು ರೀಡಿಂಗ್‌ಗಳು ಒಂದಕ್ಕೊಂದು ಹೊಂದುತ್ತಿಲ್ಲ. ತಿಳಿ ಗುಲಾಬಿ ಬಣ್ಣ ಬಂದಾಗಲೇ ನಿಲ್ಲಿಸಬೇಕಿತ್ತೇ?’ ಎಂದು ಕೇಳಿದರೆ ಗದರುವ ಅಧ್ಯಾಪಕರೂ ಹೆಚ್ಚಾಗಿ ಪಾಠಕ್ಕೆ ಇಳಿಯುತ್ತಾರೆ. ರೆಕಾರ್ಡ್‌ನಲ್ಲಿ ಏನು ತಿದ್ದಬೇಕೆಂದು ಕೇಳಿ ಅದನ್ನು ಪುಟದ ಮೇಲೆಯೇ ಬರೆದುಕೊಳ್ಳಲಿ. ಲ್ಯಾಬ್ ತಪ್ಪಿಸುವುದು ಮಾತ್ರ ಬೇಡ. ಹಾಜರಿ 75 ಶೇಕಡಾಕ್ಕಿಂತ ಕಡಿಮೆಯಾದರೆ ಪರೀಕ್ಷೆಗೇ ಕುತ್ತು ಬರುತ್ತದೆ. ಆಗ ಅವಳ ದೂರಿಗೂ ಬೆಲೆ ಇರುವುದಿಲ್ಲ.

ಅನ್ಯಾಯವೆಂದು ಕಂಡುಬಂದರೆ ಒಂದು ನೋಟ್‌ಬುಕ್ ಇಡಲಿ. ದಿನಾಂಕ, ಸಮಯ, ಆಡಿದ ಮಾತು, ಅಲ್ಲಿದ್ದವರು, ಇಷ್ಟು ಸಾಕು. ಮೊದಲು ಮೆಂಟರ್ ಅಥವಾ ಅವಳಿಗೆ ವಿಶ್ವಾಸವಿರುವ ಅಧ್ಯಾಪಕಿಗೆ ಹೇಳಲಿ, ಅನಂತರ ವಿಭಾಗದ ಮುಖ್ಯಸ್ಥರಿಗೆ. ಅಲ್ಲಿಯೂ ಆಗದಿದ್ದರೆ ನೀವು ಜೊತೆಗೆ ಹೋಗಿ ಪ್ರಾಂಶುಪಾಲರನ್ನು ಕಾಣಿ. ಜಗಳಕ್ಕಲ್ಲ, ಬರೆದ ಅರ್ಜಿಯೊಂದಿಗೆ. ಅರ್ಜಿಯ ಪ್ರತಿಯ ಮೇಲೆ ‘ಸ್ವೀಕರಿಸಲಾಗಿದೆ’ ಎಂಬ ಸಹಿ ಪಡೆಯಲು ಮರೆಯಬೇಡಿ.

ಅದಕ್ಕೂ ಮೇಲೆ ದಾರಿಯಿದೆ. ಯುಜಿಸಿಯ 2023ರ ನಿಯಮಗಳಂತೆ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕು. ಅಂಕ ನೀಡುವುದರಲ್ಲಿ ಅನ್ಯಾಯ, ವಿದ್ಯಾರ್ಥಿಗೆ ಕಿರುಕುಳ ಇವೆರಡೂ ಅದರ ವ್ಯಾಪ್ತಿಗೆ ಬರುತ್ತವೆ. ದೂರು ತಲುಪಿದ ಬಳಿಕ ಸಾಧ್ಯವಾದಷ್ಟು 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾನಿಲಯ ನೇಮಿಸಿದ ಓಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು.

ಮೈ ಮುಟ್ಟುವುದು, ಅಸಭ್ಯ ಮಾತು ಅಥವಾ ಸಂದೇಶ, ಒಬ್ಬಳನ್ನೇ ಕೋಣೆಗೆ ಕರೆಯುವುದು, ಅಂಕದ ಆಮಿಷ - ಇಂತಹದ್ದೇನಾದರೂ ಇದ್ದರೆ ಮೇಲಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತಾ ಕೂರಬೇಡಿ. 2013ರ ಕಾಯ್ದೆಯಂತೆ ಕಾಲೇಜಿನಲ್ಲಿ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಬೇಕು. ನೇರವಾಗಿ ಅಲ್ಲಿಗೇ ಲಿಖಿತ ದೂರು ಕೊಡಿ. ಘಟನೆ ನಡೆದು ಮೂರು ತಿಂಗಳೊಳಗೆ ಕೊಡಬೇಕೆಂಬುದು ನಿಯಮ. ಮನೆತನದ ಮರ್ಯಾದೆಯ ಹೆಸರಿನಲ್ಲಿ ಇದನ್ನು ಮುಚ್ಚಿಟ್ಟರೆ ಮಗಳನ್ನು ಒಂಟಿಯಾಗಿ ಬಿಟ್ಟಂತೆ.

ಇನ್ನು ಆ ಹೊಟ್ಟೆನೋವು. ಅದನ್ನು ನೆಪವೆಂದು ತಳ್ಳಿಹಾಕಬೇಡಿ. ಭಯವು ಹೊಟ್ಟೆಯಲ್ಲಿ, ತಲೆಯಲ್ಲಿ, ನಿದ್ದೆಯಲ್ಲಿ ಕಾಣಿಸಿಕೊಳ್ಳುತ್ತದೆ. ವೈದ್ಯರಿಗೊಮ್ಮೆ ತೋರಿಸಿ. ಊಟ, ನಿದ್ದೆ ಕೆಟ್ಟು ವಾರಗಳಾಗಿದ್ದರೆ ಅಥವಾ ಬದುಕೇ ಬೇಡವೆಂಬ ಮಾತು ಬಂದರೆ ಒಂದು ದಿನವೂ ತಡಮಾಡದೆ ಮನೋವೈದ್ಯರನ್ನು ಕಾಣಿಸಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಪತಿಯವರ ಮಾತಿನ ಹಿಂದೆಯೂ ಕೋಪಕ್ಕಿಂತ ಆತಂಕವೇ ಹೆಚ್ಚಿರಬಹುದು. ದೂರದಲ್ಲಿದ್ದವರಿಗೆ ಬೇರೆ ಉಪಾಯ ತೋಚುವುದಿಲ್ಲ. ನೀವು ಏನೇನು ಮಾಡಲಿದ್ದೀರೆಂದು ಅವರಿಗೆ ಒಂದೊಂದಾಗಿ ತಿಳಿಸಿ, ಈ ಸೆಮಿಸ್ಟರ್ ಮುಗಿಯುವ ತನಕ ಸಮಯ ಕೇಳಿ. ಇಂದು ಓದು ಬಿಡಿಸಿದರೆ, ಕಷ್ಟ ಬಂದಾಗ ಓಡಿ ಬರಬೇಕೆಂಬುದನ್ನು ಅವಳು ಕಲಿಯುತ್ತಾಳೆ. ಮನೆಯಲ್ಲಿರುವ ತಂಗಿಯಂದಿರೂ ಅದನ್ನೇ ಕಲಿಯುತ್ತಾರೆ. ಈ ವಾರದ ಲ್ಯಾಬ್‌ಗೆ ಮುಂಚೆಯೇ ಅವಳೊಂದಿಗೆ ಮಾತನಾಡಿ.