ಪಾರ್ಶ್ವವಾಯು: ಔಷಧಿ ಇದ್ದರೆ ಸಾಲದು, ವ್ಯವಸ್ಥೆಯೂ ಬೇಕು

ಮಿದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು ತಜ್ಞರ ಅಂದಾಜು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಅಮೆರಿಕದಲ್ಲಿ 1996ರಲ್ಲೇ ಅನುಮತಿ ಸಿಕ್ಕಿತು. ಆದರೆ ರೋಗಿ ಆಸ್ಪತ್ರೆಯ ಬಾಗಿಲಿಗೆ ಬಂದ ಮೇಲೂ ಅದು ಸಿಗಲು ಬಹುಪಾಲು ಒಂದು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು.

ಈ ವಿಳಂಬ ತಗ್ಗಿಸಲು ಅಲ್ಲಿನ ಹೃದ್ರೋಗ ಸಂಘ 2010ರಲ್ಲಿ 'ಟಾರ್ಗೆಟ್: ಸ್ಟ್ರೋಕ್' ಯೋಜನೆ ಆರಂಭಿಸಿತು. ಅದರಲ್ಲಿ ಹೊಸ ಔಷಧಿಯೇನೂ ಇರಲಿಲ್ಲ. ರೋಗಿ ಬರುವ ಮೊದಲೇ ಆಂಬುಲೆನ್ಸ್‌ನಿಂದ ಸುದ್ದಿ, ಒಂದೇ ಕರೆಗೆ ಇಡೀ ತಂಡ ಸಿದ್ಧ, ತಡವಿಲ್ಲದೆ ಸಿ.ಟಿ. ಸ್ಕ್ಯಾನ್, ಪ್ರತಿ ರೋಗಿಗೆ ಹಿಡಿದ ಸಮಯದ ಲೆಕ್ಕ. ಇಷ್ಟೇ. ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳ ಅಂಕಿಅಂಶ 2014ರಲ್ಲಿ ಪ್ರಕಟವಾಯಿತು. ಚುಚ್ಚುಮದ್ದಿನ ಮಧ್ಯಾಂಕ ಸಮಯ 77ರಿಂದ 67 ನಿಮಿಷಕ್ಕೆ ಇಳಿದಿತ್ತು. ಚುಚ್ಚುಮದ್ದು ಪಡೆದವರಲ್ಲಿ ಆಸ್ಪತ್ರೆಯಲ್ಲೇ ಸಾವನ್ನಪ್ಪಿದವರ ಪ್ರಮಾಣ ಶೇ. 9.93ರಿಂದ 8.25ಕ್ಕೆ ತಗ್ಗಿತ್ತು. ಇದು ಮೊದಲು–ನಂತರದ ಹೋಲಿಕೆ. ಪೂರ್ಣ ಶ್ರೇಯ ಯೋಜನೆಯದೇ ಎನ್ನಲಾಗದು. ಆದರೂ ಅವಸರದಿಂದ ರಕ್ತಸ್ರಾವ ಹೆಚ್ಚೀತು ಎಂಬ ಭಯ ನಿಜವಾಗಲಿಲ್ಲ, ಅದೂ ಕಡಿಮೆಯಾಯಿತು.

ಆಸ್ಟ್ರೇಲಿಯಾದ ಪಾಠ ಇನ್ನೂ ಸರಳ. ನ್ಯೂ ಸೌತ್ ವೇಲ್ಸ್‌ನ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವು ಘಟಕಗಳ ದಾದಿಯರಿಗೆ ಮೂರು ಕೆಲಸ ವಹಿಸಲಾಯಿತು: ಜ್ವರ ನಿಯಂತ್ರಣ, ಸಕ್ಕರೆ ನಿಯಂತ್ರಣ, ನುಂಗುವ ಶಕ್ತಿಯ ಪರೀಕ್ಷೆ. 90 ದಿನಗಳ ನಂತರ ಮೃತಪಟ್ಟವರು ಅಥವಾ ಪರಾವಲಂಬಿಗಳಾದವರು ಈ ಘಟಕಗಳಲ್ಲಿ ಶೇ. 42, ಉಳಿದೆಡೆ ಶೇ. 58. ಇದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ; ತರಬೇತಿ ಮತ್ತು ಶಿಸ್ತು ಸಾಕು. ನಮ್ಮ ಜಿಲ್ಲಾ ಆಸ್ಪತ್ರೆಗಳಿಗೂ, ಟ್ರಸ್ಟ್ ಆಸ್ಪತ್ರೆಗಳಿಗೂ ಇದು ಎಟುಕುವ ದಾರಿ.

ಆದರೆ ಆಸ್ಪತ್ರೆಯ ಗಡಿಯಾರ ಓಡುವುದು ರೋಗಿ ಅಲ್ಲಿಗೆ ತಲುಪಿದ ಮೇಲೆ. ಅದಕ್ಕೂ ಮೊದಲಿನ ಹೊತ್ತು ಮನೆಯವರ ಕೈಯಲ್ಲಿದೆ. ಮುಖ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ 'ಸ್ವಲ್ಪ ಮಲಗಲಿ, ನೋಡೋಣ' ಎನ್ನಬೇಡಿ. 108ಕ್ಕೆ ಕರೆ ಮಾಡಿ. ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ. ಆದ್ದರಿಂದ ರೋಗಿ ಕೊನೆಯ ಬಾರಿ ಸರಿಯಾಗಿದ್ದ ಸಮಯವನ್ನು ಬರೆದಿಟ್ಟುಕೊಳ್ಳಿ. ಗಾಬರಿಯಲ್ಲಿ ನೀರು, ಹಾಲು, ಮಾತ್ರೆ ಕೊಡಬೇಡಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸ್ಕ್ಯಾನ್ ಇದೆ, ಈ ಚುಚ್ಚುಮದ್ದು ಸಿಗುತ್ತದೆ ಎಂಬುದನ್ನು ಇಂದೇ ವಿಚಾರಿಸಿಡಿ.